ಪಾಗಾರದಾಚೆಯ ಮೂರಡಿ

ಮೇ ಕೊನೆಯ ಪತ್ತನಾಜೆ ಹತ್ತಿರ ಬಂತೆಂದರೆ ಮಂಗಳೂರಿನ ಮನೆಗಳಲ್ಲಿ ಮಳೆಗಾಲದ ತಯಾರಿ ಶುರು. ಒಡೆದ ಹಂಚು ಬದಲಾಗುತ್ತದೆ, ಟೆರೇಸಿನ ಪೈಪಿನಿಂದ ಕಸ ಹೊರಬರುತ್ತದೆ, ಕಟ್ಟಿಗೆ ಕೊಟ್ಟಿಗೆ ಸೇರುತ್ತದೆ. ಗೇಟಿನಾಚೆಯ ಮೂರಡಿಯತ್ತ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ಎದುರಿನ ಚರಂಡಿ, ಅದರ ಅಂಚಿಗೆ ನಾವೇ ನೆಟ್ಟ ಗಿಡ, ಹಿತ್ತಿಲ ಹಿಂದಿನ ಓಣಿ, ಯಾವುದರ ಬಗ್ಗೆ ಕೇಳಿದರೂ ‘ಅದು ಕಾರ್ಪೊರೇಶನ್‌ನವರದ್ದಲ್ವಾ’ ಎಂಬ ಉತ್ತರ. ಜಾಗ ಅವರದ್ದೇ. ದೊಡ್ಡ ತೋಡಿನ (ಕಾಲುವೆಯ) ಹೂಳೆತ್ತುವುದೂ ಅವರ ಕೆಲಸವೇ. ಆದರೆ ಮನೆ ಮುಂದಿನ ಚರಂಡಿ ಕಟ್ಟಿಕೊಳ್ಳುವುದು ಹೆಚ್ಚಾಗಿ ನಮ್ಮ ಗೇಟು, ನಮ್ಮ ಗಿಡ, ನಮ್ಮ ಪೈಪಿನಿಂದ.

ನೀರಿನ ಲೆಕ್ಕವನ್ನು ಒಮ್ಮೆ ನೋಡಿ. ಗಂಟೆಗೆ 25 ಮಿ.ಮೀ. ಮಳೆ ನಮ್ಮೂರಿಗೆ ಸುದ್ದಿಯೇ ಅಲ್ಲ. ಅಷ್ಟು ಮಳೆ 10 ಸೆಂಟ್ಸ್ ಜಾಗದ ಮೇಲೆ ಬಿದ್ದರೆ ಸುಮಾರು 10,000 ಲೀಟರ್ ನೀರು. ಅಂಗಳದಲ್ಲಿ ಮಣ್ಣು, ತೆಂಗಿನ ಕಟ್ಟೆ ಇದ್ದರೆ ಒಂದಷ್ಟು ಇಂಗೀತು. ಗೋಡೆಯಿಂದ ಗೋಡೆಗೆ ಇಂಟರ್‌ಲಾಕ್ ಹಾಸಿದ್ದರೆ ಬಹುಪಾಲು ಗೇಟಿನಡಿಯಿಂದ ರಸ್ತೆಗೇ. ಗುಡ್ಡದ ಮೇಲಿನ ಇಂಥ ನೂರು ಅಂಗಳಗಳ ನೀರು ಒಟ್ಟಿಗೇ ಇಳಿದರೆ ಕೊಟ್ಟಾರ ಚೌಕಿ, ಪಂಪ್‌ವೆಲ್‌ನಂಥ ತಗ್ಗು ಜಾಗಗಳ ಪಾಡೇನು! ಇಂಟರ್‌ಲಾಕ್ ಬೇಕೇ ಬೇಕೆಂದರೆ ಪಾಗಾರದ (ಕಾಂಪೌಂಡ್ ಗೋಡೆಯ) ಬುಡದಲ್ಲಿ ಎರಡಡಿ ಅಗಲದ ಮಣ್ಣನ್ನಾದರೂ ಬಿಡಿ.

ಹೆಚ್ಚಿನ ಕಡೆ ತಪ್ಪು ಶುರುವಾಗುವುದು ಗೇಟಿನೆದುರಿನ ರ‍್ಯಾಂಪಿನಲ್ಲಿ. ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಚರಂಡಿಯೊಳಗೆ 6 ಇಂಚಿನ ಪಿವಿಸಿ ಪೈಪು ಮಲಗಿಸಿ ಮೇಲಿಂದ ಕಾಂಕ್ರೀಟು ಸುರಿದುಬಿಡುತ್ತಾರೆ. ನೀರಿಗೆ ಉಳಿಯುವ ದಾರಿ ಮೊದಲಿದ್ದುದರಲ್ಲಿ ಹನ್ನೊಂದನೇ ಒಂದು ಪಾಲೂ ಇಲ್ಲ. ಅದರ ಬಾಯಿ ಮುಚ್ಚಲು ನಾಲ್ಕು ಹಲಸಿನ ಎಲೆ, ಒಂದು ಹಾಲಿನ ತೊಟ್ಟೆ ಸಾಕು. ಒಳಗೆ ಸಿಕ್ಕಿದ್ದನ್ನು ಕೋಲು ಹಾಕಿ ದೂಡಿದರೆ ಇನ್ನಷ್ಟು ಬಿಗಿಯುತ್ತದೆ. ನೀರು ನುಗ್ಗುವುದು ಪೈಪು ಹಾಕಿದವರ ಮನೆಗಲ್ಲ, ಚರಂಡಿಯ ಮೇಲ್ಗಡೆ ಇರುವ ನೆರೆಮನೆಗೆ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಚರಂಡಿಯ ಪೂರ್ತಿ ಅಗಲವನ್ನು ಹಾಗೇ ಬಿಟ್ಟು, ಮೇಲೆ ಎತ್ತಬಹುದಾದ ಸ್ಲ್ಯಾಬ್ ಇಡಬೇಕು. ಒಂದೊಂದೂ 75 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 12.5 ಸೆಂ.ಮೀ. ದಪ್ಪ, ಎರಡೂ ಬದಿಯ ಚರಂಡಿ ಗೋಡೆಯ ಮೇಲೆ 15 ಸೆಂ.ಮೀ. ಕೂರಬೇಕು. ತೂಕ ಸುಮಾರು 105 ಕಿಲೊ, ಹಾರೆ ಇದ್ದರೆ ಇಬ್ಬರು ಸರಿಸಬಹುದು. 10 ಅಡಿಯ ಗೇಟಿಗೆ ಏಳು ತುಂಡು. ಸರಳು ಸ್ಲ್ಯಾಬಿನ ಕೆಳಭಾಗದಲ್ಲಿರಬೇಕು. ಎರಕ ಹೊಯ್ದ ದಿನವೇ ಮೇಲ್ಮೈಗೆ ಗುರುತು ಹಾಕಿಡಿ. ತಲೆಕೆಳಗಾಗಿ ಕೂರಿಸಿದ ಸ್ಲ್ಯಾಬು ಮೊದಲ ಲಾರಿಗೇ ಬಿರುಕು ಬಿಡುತ್ತದೆ. ಸಂದುಗಳಿಗೆ ಸಿಮೆಂಟು ಬೇಡ, ಎತ್ತಲು ಕೊಂಡಿ ಇರಲಿ, 28 ದಿನ ಕಾರು ಹತ್ತಿಸಬೇಡಿ. ಚರಂಡಿಯ ಗೋಡೆ ಮುಟ್ಟುವ ಮೊದಲು ಪಾಲಿಕೆಯ ಒಪ್ಪಿಗೆ ಬರಹದಲ್ಲಿ ಪಡೆಯಿರಿ.

ಎತ್ತಿದ ಹೂಳನ್ನು ಅಂಚಿನಲ್ಲೇ ರಾಶಿ ಹಾಕಿದರೆ ಮೊದಲ ಮಳೆಗೆ ಅದು ವಾಪಸ್ ಚರಂಡಿಗೆ. ಅದೇ ದಿನ ಸಾಗಿಸುವ ವ್ಯವಸ್ಥೆಯಾದ ಮೇಲೆಯೇ ಹಾರೆ ಹಿಡಿಯಿರಿ. ಒಳಚರಂಡಿಯ ಮ್ಯಾನ್‌ಹೋಲಿನ ಮುಚ್ಚಳವನ್ನಂತೂ ಮಳೆನೀರು ಹೋಗಲೆಂದು ತೆರೆಯಲೇಬಾರದು. ತಗ್ಗಿನ ಮನೆಗಳ ಬಚ್ಚಲಲ್ಲಿ ಮಲಿನ ನೀರು ಉಕ್ಕುತ್ತದೆ. ನೀರು ನಿಂತ ರಸ್ತೆಯಲ್ಲಿ ಆ ಬಾಯಿ ಯಾರ ಕಣ್ಣಿಗೂ ಬೀಳುವುದಿಲ್ಲ.

ರಸ್ತೆ ಬದಿಗೆ ಕೇಪಳ, ದಾಸವಾಳ ಒಳ್ಳೆಯವು, ಕತ್ತರಿಸಿದಷ್ಟೂ ಚಿಗುರುತ್ತವೆ. ತಿರುವಿನಲ್ಲಿ ಮಾತ್ರ ಎರಡೂವರೆ ಅಡಿ ದಾಟದಂತೆ ನೋಡಿಕೊಳ್ಳಿ; ಸ್ಕೂಟರಿನವರಿಗೆ ಎದುರಿನ ವಾಹನ ಕಾಣಬೇಕು. ಬೋಗನ್‌ವಿಲ್ಲಾದ ಮುಳ್ಳುಕೊಂಬೆ ಫುಟ್‌ಪಾತಿಗೆ ಬಾಗಿದರೆ ಶಾಲೆಗೆ ಹೋಗುವ ಮಗು ರಸ್ತೆಗಿಳಿಯುತ್ತದೆ. ಪಾಗಾರದ ಸಂದಿನಲ್ಲಿ ಗೋಳಿ, ಅಶ್ವತ್ಥದ ಸಸಿ ಕಂಡರೆ ಬೆರಳುದ್ದ ಇರುವಾಗಲೇ ಬೇರು ಸಮೇತ ಕೀಳಬೇಕು. ಒಂದು ಮಳೆಗಾಲ ಬಿಟ್ಟರೆ ಕಲ್ಲು ಸರಿಸಿಯೇ ತೆಗೆಯಬೇಕಾದೀತು.

ಮರದ ವಿಷಯ ಬೇರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಜಾಗದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ಗಾಳಿಮರದಂಥವಕ್ಕೆ ವಿನಾಯಿತಿ ಇದೆ. ಒಣ ಮಡಲು, ಬಲಿತ ಕಾಯಿ ದಾರಿಹೋಕರ ಮೇಲೆ ಬೀಳುವಂತಿದ್ದರೆ ಮೇ ತಿಂಗಳಲ್ಲೇ ಇಳಿಸಿ. ತಂತಿಗೆ ತಾಗಿದ ಕೊಂಬೆಗೆ ನೀವು ಕತ್ತಿ ಎತ್ತಬೇಡಿ. ಮೆಸ್ಕಾಂನ 1912ಕ್ಕೆ ಹೇಳಿ. ಕತ್ತರಿಸಿದ ಸೊಪ್ಪು ಚರಂಡಿಗಲ್ಲ, ತೆಂಗಿನ ಬುಡಕ್ಕೆ. ತೋಟದ ಕಸವನ್ನು ಬೇರೆಯಾಗಿ ತಮ್ಮ ಜಾಗದಲ್ಲೇ ಇಟ್ಟುಕೊಳ್ಳಬೇಕು, ಬೀದಿಯಲ್ಲಿ ಎಸೆಯಬಾರದು, ಸುಡಬಾರದು ಎಂದು ಘನತ್ಯಾಜ್ಯ ನಿಯಮಗಳಲ್ಲೇ ಬರೆದಿದೆ.

ಇಳಿಜಾರಿನಲ್ಲಿ ಮಣ್ಣಿಗೆ ಒರಗಿಸಿ ಕಟ್ಟಿದ ಕೆಂಪುಕಲ್ಲಿನ ಪಾಗಾರ ಆಷಾಢದಲ್ಲಿ ಬೀಳುವುದು ಹಿಂದೆ ನಿಂತ ನೀರಿನ ಒತ್ತಡದಿಂದ. ಒಂದೂವರೆ ಮೀಟರಿಗೊಂದರಂತೆ 3 ಇಂಚಿನ ಪೈಪನ್ನು ಹೊರಕ್ಕೆ ಇಳಿಜಾರಾಗಿ ಇಟ್ಟು, ಗೋಡೆಯ ಹಿಂದೆ ಒಂದಡಿ ಜಲ್ಲಿ ತುಂಬಬೇಕು. ಪೈಪು ಇದ್ದೂ ನೀರು ಬಾರದಿದ್ದರೆ, ಗೋಡೆ ಉಬ್ಬಿದ್ದರೆ, ಅದರ ಪಕ್ಕ ಯಾರೂ ನಿಲ್ಲದಂತೆ ನೋಡಿ ಎಂಜಿನಿಯರರನ್ನು ಕರೆಸಿ.

ಹಿಂದಿನ ಓಣಿ ಯಾರ ಕಣ್ಣಿಗೂ ಬೀಳದ ಕಾರಣ ಎಲ್ಲರ ಉಗ್ರಾಣವಾಗಿಬಿಡುತ್ತದೆ. ಒಡೆದ ಕಮೋಡು, ಉಳಿದ ಟೈಲ್ಸು, ಗೆರಟೆ, ಬೊಂಡದ ಚಿಪ್ಪು, ಅಡಿಕೆ ಹಾಳೆ. ಈ ಒಂದೊಂದರಲ್ಲೂ ಡೆಂಗಿ ಸೊಳ್ಳೆಗೆ ಬೇಕಾದಷ್ಟು ನೀರು ನಿಲ್ಲುತ್ತದೆ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು, ಹಾಗಾಗಿ ವಾರಕ್ಕೊಮ್ಮೆ ಮಗುಚದೆ ನಿರ್ವಾಹವಿಲ್ಲ. ಅಡುಗೆಮನೆಯ ಪೈಪನ್ನು ಮಳೆನೀರಿನ ಚರಂಡಿಗೆ ಬಿಟ್ಟವರು ಕೂಡಲೇ ತಪ್ಪಿಸಿ. ಎಣ್ಣೆಜಿಡ್ಡು ಹೂಳಿನೊಂದಿಗೆ ಸೇರಿ ಗಟ್ಟಿಯಾದರೆ ಹಾರೆಗೂ ಬಗ್ಗದು. ಎರಡೂ ಬದಿಯ ಮನೆಯವರು ಕೂತು, ಓಣಿಯ ನಡುಗೆರೆಯಿಂದ ಈಚೆ ನಮ್ಮದು, ಆಚೆ ನಿಮ್ಮದು ಎಂದು ಹಂಚಿಕೊಂಡರೆ ಜಗಳ ಕಡಿಮೆ.

ಮೊದಲ ಜೋರು ಮಳೆಗೆ ಕೊಡೆ ಹಿಡಿದು ಗೇಟಿನೆದುರು ಕಾಲು ಗಂಟೆ ನಿಲ್ಲಿ. ನೀರು ಎಲ್ಲಿ ಏರಿ ನಿಲ್ಲುತ್ತದೋ ಅದಕ್ಕಿಂತ ತುಸು ಮುಂದೆ, ನೀರು ಹರಿದುಹೋಗುವ ದಿಕ್ಕಿನಲ್ಲೇ ಕಟ್ಟಿಕೊಂಡಿದೆ ಎಂದರ್ಥ. ಮಳೆ ಬಿಟ್ಟ ಮೇಲೆ ಮೊದಲು ಅಲ್ಲಿಯ ಸ್ಲ್ಯಾಬನ್ನು ಎತ್ತಿಸಿ.