ಕೂಣಿಗೆ ಬಿದ್ದ ಗಾಳಿ

ಆರಿದ್ರೆ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆ ಗೋಡೆಗೆ ಬೂಷ್ಟು, ಹಾಸಿಗೆಗೆ ಥಂಡಿ. ಗೂರಲು, ಅಂದರೆ ಅಸ್ತಮಾ, ಇದ್ದವರ ಎದೆ ರಾತ್ರಿ ಎರಡು ಗಂಟೆಗೆ ಕುಂಯ್ ಎನ್ನತೊಡಗುತ್ತದೆ. ‘ಉಸಿರು ಎಳೆಯೋಕೇ ಆಗ್ತಿಲ್ಲ’ ಅನ್ನುತ್ತಾರೆ. ಆದರೆ ಗೂರಲಿನಲ್ಲಿ ಮೊದಲು ಕೆಡುವುದು ಉಸಿರು ಬಿಡುವ ಕೆಲಸ. ಹಳೆಯ ಗಾಳಿ ಹೊರಗೆ ಹೋಗದಿದ್ದರೆ ಹೊಸತಕ್ಕೆ ಜಾಗವೆಲ್ಲಿ?

ಉಸಿರೆಳೆಯುವಾಗ ಎದೆಗೂ ಹೊಟ್ಟೆಗೂ ನಡುವಿನ ವಪೆ ಎಂಬ ಸ್ನಾಯು ಕೆಳಗೆ ಜಗ್ಗುತ್ತದೆ, ಪಕ್ಕೆಲುಬುಗಳು ಏಳುತ್ತವೆ, ಅರ್ಧ ಲೀಟರಿನಷ್ಟು ಗಾಳಿ ಒಳಗೆ ಬರುತ್ತದೆ. ಬಿಡುವಾಗ ಯಾವ ಸ್ನಾಯುವೂ ದುಡಿಯಬೇಕಿಲ್ಲ, ಹಿಗ್ಗಿದ ಶ್ವಾಸಕೋಶ ರಬ್ಬರಿನಂತೆ ತಾನೇ ಕುಗ್ಗುತ್ತದೆ. ತೊಡಕಿರುವುದು ಇಲ್ಲಿಯೇ. ಶ್ವಾಸನಾಳ ಸುಮಾರು 23 ಸಲ ಕವಲೊಡೆದು ಗಾಳಿಗೂಡುಗಳನ್ನು ಮುಟ್ಟುತ್ತದೆ. ಕೊನೆಕೊನೆಯ ಸಣ್ಣ ಕವಲುಗಳಿಗೆ ಮೃದ್ವಸ್ಥಿಯ ಬಳೆಯಿಲ್ಲ, ಸುತ್ತಲಿನ ಅಂಗಾಂಶ ನಾಲ್ಕೂ ಕಡೆಯಿಂದ ಎಳೆದು ಹಿಡಿದಿರುವುದರಿಂದಷ್ಟೇ ಅವು ತೆರೆದಿರುತ್ತವೆ. ಬಲೆಯನ್ನು ಸುತ್ತಲಿಂದ ಜಗ್ಗಿದರೆ ಕಣ್ಣು ಬಿಚ್ಚುತ್ತದೆ, ಸಡಿಲ ಬಿಟ್ಟರೆ ಮುಚ್ಚುತ್ತದೆ. ಹಾಗೆಯೇ ಉಸಿರೆಳೆದಾಗ ಕೊಳವೆ ಅಗಲ, ಬಿಟ್ಟಾಗ ಸಪೂರ. ಮೊದಲೇ ಊದಿಕೊಂಡ ಕೊಳವೆ ಬಿಡುವ ಹೊತ್ತಿಗೆ ಹೆಚ್ಚುಕಮ್ಮಿ ಮುಚ್ಚಿಯೇ ಹೋಗುತ್ತದೆ. ಮಳೆಗಾಲದಲ್ಲಿ ಹೊಳೆಯಿಂದ ಏರಿ ಬರುವ ಹತ್ತುಮೀನಿಗೆ ಇಟ್ಟ ಕೂಣಿಯ, ಅಂದರೆ ಮೀನು ಹಿಡಿಯುವ ಬುಟ್ಟಿಯ, ಕಥೆ ಇದು: ಒಳಗೆ ಹೋದದ್ದು ಹೊರಗೆ ಬರಲೊಲ್ಲದು. ಕುಂಯ್ ಸದ್ದು ಸಾಮಾನ್ಯವಾಗಿ ಉಸಿರು ಬಿಡುವಾಗಲೇ ಜೋರಾಗಿ ಕೇಳುವುದೂ ಇದಕ್ಕೇ.

ಕೊಳವೆ ಚೂರು ಸಪೂರವಾದರೆ ಇಷ್ಟು ರಾದ್ಧಾಂತವೇ? 1840ರ ದಶಕದಲ್ಲಿ ಪ್ವಾಸೈ ಎಂಬ ಫ್ರೆಂಚ್ ವೈದ್ಯ ರಕ್ತದ ಹರಿವನ್ನು ತಿಳಿಯಲು ಕೂದಲಿನಂಥ ಗಾಜಿನ ನಳಿಕೆಗಳಲ್ಲಿ ನೀರು ಹರಿಸಿ ಅಳೆದ. ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ಕಂಡ. ಗುಡ್ಡದ ಅಬ್ಬಿಯಿಂದ ಮನೆಗೆ ಒಂದಿಂಚಿನ ಪೈಪು ಎಳೆದಿದ್ದೀರಿ ಎನ್ನಿ. ಅದರ ಬದಲು ಅರ್ಧ ಇಂಚಿನವು ಎಷ್ಟು ಬೇಕು? ಬಾಯಿಯ ಅಗಲ ನೋಡಿದರೆ ನಾಲ್ಕು ಸಾಕೆನ್ನಿಸುತ್ತದೆ. ನೀರು ಸುಳಿಯಿಲ್ಲದೆ ನಿಧಾನ ಹರಿಯುವಾಗ ಬೇಕಾಗುವುದು ಹದಿನಾರು! ಸಣ್ಣ ಉಸಿರ್ಗೊಳವೆಗಳಲ್ಲಿ ಗಾಳಿ ಹರಿಯುವುದು ಹೀಗೆ ನಿಧಾನವಾಗಿಯೇ. ಅಲ್ಲಿ ತ್ರಿಜ್ಯ ಶೇಕಡಾ 20 ಕುಗ್ಗಿದರೆ ತಡೆ ಎರಡೂವರೆ ಪಟ್ಟಿನ ಹತ್ತಿರಕ್ಕೆ ಏರುತ್ತದೆ. ಇದೇ ಲೆಕ್ಕ ತಿರುಗಿಯೂ ನಡೆಯುತ್ತದೆ: ಮದ್ದು ಕೊಳವೆಯನ್ನು ಕೂದಲೆಳೆಯಷ್ಟು ಅಗಲಿಸಿದರೂ ಎದೆ ಹಗುರಾಗುತ್ತದೆ.

ಸಪೂರಾಗಲು ಕಾರಣ ಮೂರು. ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪೊರೆ ಊದುತ್ತದೆ, ಅಂಟು ಕಫ ತುಂಬುತ್ತದೆ. ಇನ್‌ಹೇಲರಿನಲ್ಲಿ ಎಳೆಯುವ ಸಾಲ್ಬುಟಮಾಲ್ ಎಂಬ ಮದ್ದು ಸಡಿಲಿಸುವುದು ಸ್ನಾಯುವನ್ನು ಮಾತ್ರ. ಊತ ಇಳಿಸಲು ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಬೇಕು. ಬರೀ ಸಾಲ್ಬುಟಮಾಲ್ ನೆಚ್ಚಿಕೊಂಡು ಕೂರಬೇಡಿ ಎಂದು ಜಾಗತಿಕ ಅಸ್ತಮಾ ಮಾರ್ಗಸೂಚಿ 2019ರಿಂದ ಹೇಳುತ್ತಿರುವುದು ಇದೇ ಕಾರಣಕ್ಕೆ.

‘ಇನ್‌ಹೇಲರ್ ಚಟ ಹತ್ತುತ್ತೆ, ಮಾತ್ರೆಯೇ ವಾಸಿ’ ಅನ್ನುವವರಿಗೆ ಒಂದು ಲೆಕ್ಕ. ಮಾತ್ರೆಯಲ್ಲಿ ಸಾಲ್ಬುಟಮಾಲ್ 2 ಅಥವಾ 4 ಮಿಲಿಗ್ರಾಂ, ಇನ್‌ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. ಇಪ್ಪತ್ತು-ನಲವತ್ತು ಪಟ್ಟು ಮದ್ದು ನುಂಗಿ ಕೈನಡುಕ, ಎದೆಬಡಿತ ತಂದುಕೊಳ್ಳುವುದು ಯಾವ ಜಾಣತನ? ಇನ್ನು ಮೃಗಶಿರೆಯ ದಿನ ನುಂಗುವ ಮದ್ದು. ಗೂರಲು ತಾನಾಗಿ ಏರಿ ತಾನಾಗಿ ಇಳಿಯುವ ರೋಗ, ಇಳಿದಾಗ ಕೀರ್ತಿ ಮದ್ದಿಗೆ ಹೋಗುತ್ತದೆ. ನಾಟಿಮದ್ದೆಲ್ಲ ಪೊಳ್ಳೆಂದು ನಾನು ಹೇಳುತ್ತಿಲ್ಲ. ಉಮ್ಮತ್ತದ ಹೊಗೆ ಸೇದುವ ಪದ್ಧತಿ 1802ರಲ್ಲಿ ಮದರಾಸಿನಿಂದಲೇ ಬ್ರಿಟನ್ನಿಗೆ ಹೋಯಿತು, ಮುಂದೆ ಅಲ್ಲಿ ಅಸ್ತಮಾ ಸಿಗರೇಟುಗಳೇ ಮಾರಾಟವಾದವು. ಉಮ್ಮತ್ತದಲ್ಲಿರುವ ಅಟ್ರೋಪಿನ್ನಿನ ಹತ್ತಿರದ ನೆಂಟ ಇಪ್ರಾಟ್ರೋಪಿಯಂ ಎಂಬ ಮದ್ದು ಇಂದು ನೆಬ್ಯುಲೈಸರಿನಲ್ಲಿ, ಅಂದರೆ ಮದ್ದನ್ನು ಮಂಜಾಗಿಸಿ ಉಸಿರಿಗೆ ಕೊಡುವ ಯಂತ್ರದಲ್ಲಿ, ಇದೆ. ಹಾಗೆಂದು ಹಿತ್ತಿಲ ಉಮ್ಮತ್ತಕ್ಕೆ ಕೈಹಾಕಬೇಡಿ. ಗಿಡದಿಂದ ಗಿಡಕ್ಕೆ ವಿಷದ ಪ್ರಮಾಣ ಬೇರೆ, ಬುದ್ಧಿಭ್ರಮಣೆಯಾಗಿ ಪ್ರಾಣವೇ ಹೋದೀತು.

ಇನ್‌ಹೇಲರ್ ಕೆಲಸ ಮಾಡಲಿಲ್ಲ ಎನ್ನುವ ಎಷ್ಟೋ ಕಡೆ ತಪ್ಪಿರುವುದು ಕೈಯಲ್ಲಿ. ಕುಲುಕಿ, ಉಸಿರು ಪೂರ್ತಿ ಬಿಡಿ, ತುಟಿ ಬಿಗಿಯಿರಿ, ನಿಧಾನ ಎಳೆಯಲು ಶುರು ಮಾಡಿದ ಮೇಲೆ ಒತ್ತಿ, ಹತ್ತು ಸೆಕೆಂಡು ಉಸಿರು ಹಿಡಿಯಿರಿ. ಎಳೆಯುವ ಮೊದಲೇ ಒತ್ತಿದರೆ ಮದ್ದು ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಮಕ್ಕಳಿಗೆ, ವಯಸ್ಸಾದವರಿಗೆ ಇನ್‌ಹೇಲರಿಗೆ ಸಿಕ್ಕಿಸುವ ಟೊಳ್ಳು ಡಬ್ಬಿ, ಸ್ಪೇಸರ್, ಇರಲೇಬೇಕು. ಸ್ಟೀರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯದಿದ್ದರೆ ನಾಲಿಗೆಗೂ ಬೂಷ್ಟೇ!

ಮಲೆನಾಡಿನ ಮನೆಯಲ್ಲಿ ಇನ್ನೊಂದು ಪೇಚಿದೆ. ಹಾಸಿಗೆಯ ನುಸಿ ಸಾಯಲು ಬಟ್ಟೆಯನ್ನು 60 ಡಿಗ್ರಿ ಬಿಸಿಯ ನೀರಿನಲ್ಲಿ ಒಗೆಯಬೇಕು. ನೀರೇನೋ ಬಚ್ಚಲ ಹಂಡೆಯಲ್ಲಿದೆ, ಆದರೆ ಮಳೆಗಾಲದಲ್ಲಿ ಒಣಗಿಸುವುದೂ ಅದೇ ಒಲೆಯ ಮೇಲಿನ ಗಳುವಿನಲ್ಲಿ, ಹೊಗೆಯ ನಡುವೆ. ಆ ಹೊಗೆಯನ್ನೇ ಮೂವತ್ತು ವರ್ಷ ಕುಡಿದ ಹೆಂಗಸರಿಗೆ ಬರುವುದು ಹಲವು ಸಲ ಗೂರಲಲ್ಲ, ಸಿಒಪಿಡಿ, ಅಂದರೆ ಉಸಿರ್ಗೊಳವೆ ಕಾಯಂ ಆಗಿ ಸಪೂರಾಗಿಬಿಡುವ ರೋಗ. ಬೀಡಿ ಮುಟ್ಟದವರಿಗೂ ಅದು ಬರುತ್ತದೆ. ಎರಡನ್ನೂ ಬೇರ್ಪಡಿಸಲು ಯಂತ್ರಕ್ಕೆ ಊದಿಸಿ ಉಸಿರು ಅಳೆಯುವ ಸ್ಪೈರೋಮೆಟ್ರಿ ಬೇಕು. ಪೂರ್ತಿ ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿನ ಪಾಲು, ಸಾಲ್ಬುಟಮಾಲ್ ಕೊಟ್ಟ ಮೇಲೂ ಶೇಕಡಾ 70ಕ್ಕಿಂತ ಕೆಳಗೇ ಉಳಿದರೆ ಸಿಒಪಿಡಿಯ ಕಡೆ ಬೊಟ್ಟು. ಮದ್ದಿನಿಂದ ಆ ಮೊದಲ ಸೆಕೆಂಡಿನ ಗಾಳಿ 200 ಮಿಲಿಲೀಟರ್, ಜೊತೆಗೆ ಶೇಕಡಾ 12ರಷ್ಟು ಏರಿದರೆ ಗೂರಲಿನ ಕಡೆ.

ಕುಂಯ್ ಸದ್ದು ಒಮ್ಮೆಗೇ ನಿಂತು, ರೋಗಿ ಸುಸ್ತಾಗಿ, ಎರಡು ಪದ ಜೋಡಿಸಿ ಆಡಲಾರದೆ ಹೋದರೆ ವಾಸಿಯಾಯಿತೆಂದು ಮಲಗಿಸಬೇಡಿ. ಸದ್ದು ಹುಟ್ಟಿಸುವಷ್ಟು ಗಾಳಿಯೂ ಓಡಾಡುತ್ತಿಲ್ಲ ಎಂದರ್ಥ. ಕೂರಿಸಿ, ಸ್ಪೇಸರಿನಲ್ಲಿ ಒಂದೊಂದಾಗಿ ನಾಲ್ಕು ಪಫ್ ಸಾಲ್ಬುಟಮಾಲ್ ಕೊಟ್ಟು ಗಾಡಿ ಹೊರಡಿಸಿ. ಘಟ್ಟದ ದಾರಿ ದೂರವಿದ್ದರೆ ಇಪ್ಪತ್ತು ನಿಮಿಷಕ್ಕೆ ಇನ್ನೊಮ್ಮೆ ನಾಲ್ಕು.