ಡಯಲ್ ಮೇಲೆ 150 ಮೀಟರ್, ಗಾಜಿನೊಳಗೆ ಮಂಜು

ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲೋ ಆನ್‌ಲೈನಿನಲ್ಲೋ ಕೊಂಡ ಹಳೆಯ ಡೈವ್ ವಾಚು (ನೀರಿನಾಳಕ್ಕೆ ಮುಳುಗುವವರಿಗೆಂದು ಮಾಡಿದ್ದು) ಬೇಸಿಗೆಯಲ್ಲಿ ಯಾವ ತಕರಾರೂ ಮಾಡುವುದಿಲ್ಲ. ಜೂನ್ ಮಳೆ ಹಿಡಿದರೆ ಗಾಜಿನ ಒಳಗಡೆ ಮಂಜು. 150 ಮೀಟರ್ ಆಳದವರೆಗೆ ನೀರು ತಡೆಯುತ್ತದೆ ಎಂಬ ಡಯಲ್ ಮೇಲಿನ ಮಾತು ವಾಚು ಹೊಸದಾಗಿದ್ದಾಗಿನದು. ಸ್ಟೀಲ್ ಕೇಸ್ ಎಷ್ಟು ದಪ್ಪವಿದ್ದರೂ ನೀರು ತಡೆಯುವುದು ಗಾಜಿಗೆ, ಹಿಂಬದಿ ಮುಚ್ಚಳಕ್ಕೆ, ಕ್ರೌನಿಗೆ (ಪಕ್ಕದ ತಿರುಗಿಸುವ ಗುಂಡಿಗೆ) ಹಾಕಿದ ರಬ್ಬರ್ ಉಂಗುರಗಳು, ಅಂದರೆ ಗ್ಯಾಸ್ಕೆಟ್‌ಗಳು. ನಲವತ್ತು ವರ್ಷವಾದ ರಬ್ಬರ್ ಗಟ್ಟಿಯಾಗಿ ಚಪ್ಪಟೆಯಾಗಿರುತ್ತದೆ, ಇಲ್ಲವೇ ಟಾರಿನ ಹಾಗೆ ಕರಗಿ ಅಂಟಿಕೊಂಡಿರುತ್ತದೆ.

ಮಂಜಿನ ಅನುಮಾನವಿದ್ದರೆ ಮನೆಯಲ್ಲೇ ನೋಡಬಹುದು. ಸ್ಟೀಲ್ ಡಬ್ಬಿಗೆ ಬಿಸಿನೀರು ತುಂಬಿ, ಮುಚ್ಚಳ 40ರಿಂದ 45 ಡಿಗ್ರಿಗೆ ಬಂದಾಗ ಅದರ ಮೇಲೆ ವಾಚನ್ನು ಹದಿನೈದು ನಿಮಿಷ ಇಡಿ. ಗಾಜಿನ ಮೇಲೆ ಒಂದು ಹನಿ ತಣ್ಣೀರು ಬಿಟ್ಟು, ನಿಮಿಷ ಕಳೆದ ಮೇಲೆ ಒರೆಸಿ. ಹನಿ ಇದ್ದ ಜಾಗದಲ್ಲಿ ಒಳಗಿನಿಂದ ಮಸುಕು ಕಂಡರೆ ಕೇಸಿನೊಳಗೆ ತೇವ ಸೇರಿದೆ. ಎಲ್ಲಿಂದ ಸೇರಿತು ಎಂದು ಇದು ಹೇಳುವುದಿಲ್ಲ.

ಹೆಚ್ಚಿನ ಸಲ ಕಳ್ಳದಾರಿ ಕ್ರೌನು. 1976ರಿಂದ 1988ರವರೆಗೆ ಬಂದ ಸೀಕೋ 6309-7040 ಡೈವ್ ವಾಚನ್ನು ತೆಗೆದುಕೊಳ್ಳಿ. ಆ ಮೂವ್‌ಮೆಂಟಿಗೆ (ಒಳಗಿನ ಯಂತ್ರಕ್ಕೆ) ಕೈಯಿಂದ ಕೀ ಕೊಡಲು ಬರುವುದಿಲ್ಲ. ವಾಚು ನಿಂತಾಗಲೆಲ್ಲ ಅಲ್ಲಾಡಿಸಿ, ಕ್ರೌನಿನ ತಿರುಪು ಬಿಚ್ಚಿ ಟೈಮ್ ಸರಿಮಾಡಬೇಕು. ಹೀಗೆ ಬಿಚ್ಚಿ ಮುಚ್ಚಿ ಥ್ರೆಡ್ ಸವೆಯುತ್ತದೆ. ಗ್ಯಾಸ್ಕೆಟ್ ಸಮೇತ ಹೊಸ ಕ್ರೌನ್ ಹಾಕಬಹುದು. ಕೇಸಿನ ಕಡೆಯ ಥ್ರೆಡ್ಡೇ ಹೋಗಿದ್ದರೆ ರಿಪೇರಿ ಕಷ್ಟ. ಆದ್ದರಿಂದ ಕೊಳ್ಳುವ ಮೊದಲು ಕ್ರೌನ್ ಬಿಗಿಮಾಡಿ ನೋಡಿ. ಹಿಡಿತ ಸಿಗದೆ ಸುಮ್ಮನೆ ತಿರುಗುತ್ತಿದ್ದರೆ, ಡಯಲ್ ಎಷ್ಟೇ ಚೆಂದವಿರಲಿ, ಬೆಲೆ ಇಳಿಸಲು ಹೇಳಿ.

ಗ್ಯಾಸ್ಕೆಟ್ ಬದಲಿಸುವಾಗ ಹಳೆಯ ರಬ್ಬರಿನ ಚೂರೂ ಉಳಿಯದಂತೆ ಅದು ಕೂರುವ ಜಾಗ ಒರೆಸಿ, ಹೊಸದಕ್ಕೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಬೇಕು. ಧಾರಾಳವಾಗಿ ಮೆತ್ತಿದರೆ ಹೆಚ್ಚು ಭದ್ರ ಅನ್ನುವುದು ತಪ್ಪು. ಮಿಕ್ಕ ಗ್ರೀಸ್ ಧೂಳು ಹಿಡಿಯುತ್ತದೆ. ಆಮೇಲೆ ಒಣ ಪರೀಕ್ಷೆ: ಯಂತ್ರ ಗಾಳಿಯ ಒತ್ತಡ ಕೊಟ್ಟು ಕೇಸ್ ಎಷ್ಟು ಕುಗ್ಗಿತು, ಕುಗ್ಗಿದಂತೆಯೇ ನಿಂತಿತೇ ಎಂದು ಅಳೆಯುತ್ತದೆ. ಗಾಳಿ ಒಳಗೆ ನುಗ್ಗಿದರೆ ಕೇಸ್ ಮೊದಲಿನ ಆಕಾರಕ್ಕೆ ಮರಳುತ್ತದೆ, ಅಂದರೆ ಸೋರಿಕೆ. ಇದರಲ್ಲಿ ಪಾಸಾಗದ ವಾಚನ್ನು ನೀರಿನ ಪರೀಕ್ಷೆಗೆ ಇಳಿಸಲು ಬಿಡಬೇಡಿ. 3 ಬಾರ್ (ಸುಮಾರು 30 ಮೀಟರ್ ನೀರಿನ ಒತ್ತಡ) ತಾಳಿದರೆ ಮಳೆಗೆ, ಕೈ ತೊಳೆಯಲು ಸಾಕು. ಬೆಂಗಳೂರಿನಲ್ಲಿ ಸಮುದ್ರವಂತೂ ಇಲ್ಲ. ವಾಚಿಗೆ ಶತ್ರು ಗೀಸರ್ ಸ್ನಾನದ ಹಬೆ, ಸೋಪು.

ಹೆಸರಲ್ಲಿ ಸೀ ಇದ್ದ ಮಾತ್ರಕ್ಕೆ ಡೈವ್ ವಾಚಲ್ಲ. ನಮ್ಮಲ್ಲಿ ಹೇರಳವಾಗಿ ಸಿಗುವ ಫಾವ್ರ್ ಲ್ಯೂಬಾ ಸೀ ಕಿಂಗ್ ಆಫೀಸಿಗೆ ಕಟ್ಟುವ ವಾಚು. ಡೈವಿಂಗಿಗೆಂದೇ ಆ ಕಂಪನಿ ಮಾಡಿದವುಗಳಲ್ಲಿ ಡೀಪ್ ಬ್ಲೂ ಒಂದು.

ಡಯಲ್ ವಿಚಾರದಲ್ಲಿ ಕಣ್ಣು ಕುಕ್ಕುವ ಹೊಸತನವೇ ಅನುಮಾನಕ್ಕೆ ಕಾರಣ. ಸ್ವಿಸ್ ಡಯಲಿನ ಕೆಳಗೆ ಟಿ ಅಕ್ಷರಗಳಿದ್ದರೆ ಕತ್ತಲಲ್ಲಿ ಹೊಳೆಯಲೆಂದು ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಬಳಿದದ್ದು. ಅದರ ಅರ್ಧಾಯುಷ್ಯ (ಅರ್ಧದಷ್ಟು ಕಳೆದುಹೋಗುವ ಕಾಲ) 12.3 ವರ್ಷ; 1970ರ ಡಯಲಿನಲ್ಲಿ ಈಗ ಉಳಿದಿರುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಅಂಥದ್ದು ರಾತ್ರಿಯಿಡೀ ಹಸಿರಾಗಿ ಬೆಳಗುತ್ತಿದ್ದರೆ ಯಾರೋ ಹೊಸದಾಗಿ ಬಳಿದಿದ್ದಾರೆ. ಡಯಲ್ ಮಾಸಿದ್ದು, ಮುಳ್ಳು ಮಾತ್ರ ಹಾಲಿನಂತೆ ಬೆಳ್ಳಗಿದ್ದರೆ ಮುಳ್ಳು ಬೇರೆ ವಾಚಿನದಿರಬಹುದು. ಇನ್ನೂ ಹಳೆಯದಾದರೆ ರೇಡಿಯಂ ಇರಬಹುದು. ಹೊಳಪು ಸತ್ತರೂ ವಿಕಿರಣ ಸಾಯುವುದಿಲ್ಲ, ಅರ್ಧಾಯುಷ್ಯ 1600 ವರ್ಷ. ಅದನ್ನು ಮನೆಯಲ್ಲಿ ಬಿಚ್ಚಿ ಕೆರೆಯಬೇಡಿ, ಉದುರುವ ಪುಡಿ ಉಸಿರಿಗೆ ಸೇರುತ್ತದೆ.