ಎಂಆರ್‌ಐ ಕೋಣೆಯ ಬಾಗಿಲು ದಾಟುವ ಮುನ್ನ: ಟೆಕ್ನಿಷಿಯನ್ ಕಲಿಕೆಯ ಟಿಪ್ಪಣಿ

ಗ್ರೇಡಿಯೆಂಟ್, ಸೀಕ್ವೆನ್ಸ್ ಎಲ್ಲ ಆಮೇಲೆ ಓದಿದರಾಯಿತು. ಮೊದಲು ಇಷ್ಟು ಮನಸ್ಸಿನಲ್ಲಿಟ್ಟುಕೊಳ್ಳಿ: ನಾವು ದಿನವೂ ಕಾಣುವ ಸೂಪರ್‌ಕಂಡಕ್ಟಿಂಗ್ ಯಂತ್ರದ ಅಯಸ್ಕಾಂತ ಸ್ಕ್ಯಾನ್ ಮುಗಿದ ಕೂಡಲೇ ಆಫ್ ಆಗುವುದಿಲ್ಲ. ದ್ರವ ಹೀಲಿಯಂನಲ್ಲಿ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದ ಸುರುಳಿಯಲ್ಲಿ ವಿದ್ಯುತ್ ಹಗಲಿರುಳೂ ಹರಿಯುತ್ತಲೇ ಇರುತ್ತದೆ. ಕರೆಂಟು ಹೋದರೂ ಸೆಳೆತ ಹೋಗದು. ಟೆಸ್ಲಾ ಎಂಬುದು ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ; 1.5 ಟೆಸ್ಲಾ ಎಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಹೋದ ಯುವಕ ಜೀವ ಕಳೆದುಕೊಂಡ. ಆತ ರೋಗಿಯಲ್ಲ, ರೋಗಿಯ ಕಡೆಯವನು. ಆದ್ದರಿಂದ ಜೊತೆಗೆ ಬಂದವರನ್ನೂ ಬಿಡದೆ ವಿಚಾರಿಸಿ.

"ಲೋಹ ಏನಾದರೂ ಇದೆಯಾ?" ಎಂದು ಒಟ್ಟಾರೆ ಕೇಳಿದರೆ "ಇಲ್ಲ" ಎಂಬ ಉತ್ತರವೇ ಬರುತ್ತದೆ. ಹೆಸರು ಹಿಡಿದು ಕೇಳಿ: ಕಾಲುಂಗುರ, ಉಡಿದಾರ, ತಾಯಿತ, ಹೇರ್‌ಪಿನ್ನು, ಕಿವಿಯ ಮೆಷಿನ್ನು, ಜರಿ ಸೀರೆ. ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯಿಂದ ಬರುವ ಅಮ್ಮಂದಿರ ಕರಿಮಣಿಯನ್ನು ಸ್ವಲ್ಪ ತಿರುವಿ ನೋಡಿ, ಎರಡು ಮೂರು ಪಿನ್ನು ನೇತಾಡುತ್ತಿರುತ್ತವೆ. ಚಿನ್ನವನ್ನು ಅಯಸ್ಕಾಂತ ಎಳೆಯದು, ಆ ಉಕ್ಕಿನ ಪಿನ್ನನ್ನು ಎಳೆದೇ ಎಳೆಯುತ್ತದೆ. ಚಿನ್ನವನ್ನೂ ತೆಗೆಸಬೇಕು, ಚಿತ್ರ ಕೆಡುತ್ತದೆ, ಬಿಸಿಯೂ ಆಗಬಹುದು. ಕರಿಮಣಿ ತೆಗೆಯಲು ಮನಸ್ಸಾಗದವರ ಮೇಲೆ ಸಿಡುಕಬೇಡಿ. ಅರಿಶಿನದ ನೂಲು ಕಟ್ಟಿಕೊಳ್ಳಲಿ, ಅದರಿಂದ ತೊಂದರೆಯಿಲ್ಲ.

ಕಾಸರಗೋಡಿನಲ್ಲಿ ತಪ್ಪಿಸಲೇಬಾರದ ಇನ್ನೊಂದು ಪ್ರಶ್ನೆಯಿದೆ. ಗಲ್ಫ್‌ನಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಮಾಡಿ ಬಂದವರು ನಮ್ಮಲ್ಲಿ ಬೇಕಾದಷ್ಟು. ಕಣ್ಣಿಗೆ ಯಾವಾಗಲಾದರೂ ಚೂರು ಸಿಡಿದಿತ್ತೇ, ಡಾಕ್ಟರಿಂದ ತೆಗೆಸಿದ್ದರೇ? ಒಳಗೇ ಉಳಿದ ಉಕ್ಕಿನ ಚೂರು ಸರಿದರೆ ದೃಷ್ಟಿಯೇ ಹೋಗಬಹುದು. ಸಂಶಯ ಬಂದರೆ ರೇಡಿಯಾಲಜಿಸ್ಟರಿಗೆ ತಿಳಿಸಿ, ಮೊದಲು ಕಣ್ಣಿನ ಎಕ್ಸ್‌ರೇ ಆಗಲಿ. ಗಲ್ಫ್‌ನಲ್ಲೇ ಆಪರೇಷನ್ ಆಗಿದ್ದರೆ ಅರಬಿಯಲ್ಲಿರುವ ಕಾಗದವನ್ನೂ ತರಲು ಹೇಳಿ. ಪೇಸ್‌ಮೇಕರ್, ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಶ್ರವಣ ಸಾಧನ), ಮೆದುಳಿನ ರಕ್ತನಾಳದ ಕ್ಲಿಪ್ ಇದ್ದವರ ವಿಷಯದಲ್ಲಿ ಬಾಯಿಮಾತು ಸಾಲದು, ಮಾಡೆಲ್ ನಂಬರು ಇರುವ ಕಾರ್ಡೇ ಬೇಕು. 1.5 ಟೆಸ್ಲಾಕ್ಕೆ ಒಪ್ಪಿಗೆಯಿರುವ ಸಾಧನ 3 ಟೆಸ್ಲಾಕ್ಕೆ ಆಗದೆ ಇರಬಹುದು. ಫಾರ್ಮ್ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದರೆ ಕನ್ನಡದಲ್ಲೋ ತುಳುವಿನಲ್ಲೋ ಓದಿ ಹೇಳಿ. ಬರೀ ಸಹಿ ಹಾಕಿಸಿಕೊಂಡ ಫಾರ್ಮ್ ಯಾರನ್ನೂ ಕಾಪಾಡದು.

ಮಲಗಿಸಿದ ಮೇಲೆ ಕೈಗಳ ಮೇಲೆ ಕಣ್ಣಿರಲಿ. ಹೆದರಿದವರು ಎದೆಯ ಮೇಲೆ ಕೈ ಜೋಡಿಸಿಬಿಡುತ್ತಾರೆ. ಆಗ ಎರಡು ತೋಳು ಸೇರಿ ಒಂದು ಬಳೆಯಾಗಿ, ರೇಡಿಯೋ ತರಂಗದಿಂದ ಅದರಲ್ಲಿ ವಿದ್ಯುತ್ ಹರಿದು ಚರ್ಮ ಸುಡಬಹುದು. ಕೈ ಬಿಡಿಸಿ, ತೊಡೆಗಳ ನಡುವೆ ಪ್ಯಾಡ್ ಇಡಿ, ಕೇಬಲ್ ಮೈಗೆ ತಾಗದಿರಲಿ. ಕಿವಿಗೆ ಪ್ಲಗ್, ತೊಂದರೆಯಾದರೆ ನಮ್ಮನ್ನು ಕರೆಯಲು ಕೈಗೆ ಒತ್ತುವ ಬಲ್ಬ್ ಕೊಟ್ಟು, ಒಮ್ಮೆ ಒತ್ತಿಸಿ ನೋಡಿ.

ಚಿತ್ರ ಸ್ಪಷ್ಟವಾಗಲೆಂದು ಕೊಡುವ ಗ್ಯಾಡೋಲಿನಿಯಂ ಇಂಜೆಕ್ಷನ್ ಇದ್ದರೆ ಕಿಡ್ನಿ ಕಾಯಿಲೆ, ಹಿಂದಿನ ಅಲರ್ಜಿ, ಗರ್ಭ ಈ ಮೂರನ್ನೂ ಕೇಳಿ. ಕಿಡ್ನಿ ರಕ್ತವನ್ನು ಎಷ್ಟು ಚೆನ್ನಾಗಿ ಸೋಸುತ್ತದೆ ಎಂದು ತೋರಿಸುವ ಅಳತೆಯಾದ ಇಜಿಎಫ್‌ಆರ್ 30ಕ್ಕಿಂತ ಕಡಿಮೆಯಿದ್ದರೆ ಡಾಕ್ಟರು ನಿರ್ಧರಿಸುವವರೆಗೆ ಕೊಡುವಂತಿಲ್ಲ.

ಮಂಗಳೂರಿಗೆ ಬೆಳಗಿನ ರೈಲು ಹತ್ತುವವರು ಖಾಲಿ ಹೊಟ್ಟೆಯಲ್ಲೇ ಹೊರಡುವುದುಂಟು. ಮಂಡಿ, ಬೆನ್ನಿನ ಸ್ಕ್ಯಾನಿಗೆ ಸಾಮಾನ್ಯವಾಗಿ ಉಪವಾಸ ಬೇಡ. ಹೊಟ್ಟೆಯ ಕೆಲವು ಸ್ಕ್ಯಾನಿಗೆ, ಮಂಪರು ಔಷಧಿ ಕೊಡುವಾಗ ಬೇಕು. ಶುಗರ್ ಇರುವವರಿಗೆ ಇದನ್ನು ಟೈಮ್ ಕೊಡುವ ಫೋನಿನಲ್ಲೇ ತಿಳಿಸಿ.